ಕೋಟಿನ ಒಳಮೈ

ವರ ಕುದುರಿ ಇಳದು ಒಳಗ ಹೋದ,
ನಾವು ಗೇಟಿನ ಹೊರಗ ನಿಂತ್ವಿ.
"ಬ್ಯಾಂಡಿನವರಿಗೆ ಕಡೀ ಪಂಕ್ತಿ" ಅಂದಿದ್ರು.
ಕಡೀ ಪಂಕ್ತಿ ಬರೂದ್ರಾಗ
ಅನ್ನದ ಡಬರಿ ತಿಕ್ಕೋ ಸಪ್ಪಳ ಕೇಳಿಸ್ತು.

ನ್ಯೂ ರೋಷನ್ ಬ್ರಾಸ್ ಬ್ಯಾಂಡ್, ಬ್ಯಾಡಗಿ.
ಏಳು ಮಂದಿ. ಕೆಂಪು ಕೋಟು, ಹೆಗಲ ಮ್ಯಾಲ ಜರಿ ಗೊಂಡೆ,
ಎದಿಗೆ ಹಿತ್ತಾಳಿ ಗುಂಡಿ, ನನ್ನದ್ರಾಗ ಎರಡಿಲ್ಲ.
ರೊಕ್ಕ ಮುಂಜಾನೆ ಕೊಡ್ತೇನಿ ಅಂದಾಂವ
ಕಾರು ಹತ್ತಿ ಹೋಗಿದ್ದ.
ಎಲ್ಲಾರ ಕಿಸೆ ಝಾಡಿಸಿದ್ರ ನೂರಾ ಅರವತ್ತು,
ಅದ್ರಾಗ ಒಂದು ಹತ್ತರ ನೋಟು ನಡುವ ಹರದದ್ದು.

ಸೊಲ್ಲಾಪುರದಾಗ ರಾತ್ರಿ ಹನ್ನೊಂದು.
ಬೋರ್ಡಿನ ಅಕ್ಷರ ಓದಾಕ ಬರತಾವ,
ಓದಿದ್ದು ತಿಳಿಯೂದಿಲ್ಲ.
ಕನ್ನಾ ಚೌಕಿನ ಭುರ್ಜಿ ಗಾಡಿಯಾಂವ
ಹೆಗಲ ಗೊಂಡೆ ನೋಡಿದ, ಕ್ಲಾರ್ನೆಟ್ ಪೆಟ್ಟಿಗಿ ನೋಡಿದ,
ಪ್ಲೇಟಿಗೆ ಎಪ್ಪತ್ತು ಅಂದ.
ಒಂದು ಹೆಜ್ಜಿ ಹಿಂದ ಸರದ್ವಿ,
ಪರೇಡಿನಾಗ ಸರದಂಗ, ಎಲ್ಲಾರೂ ಕೂಡೇ.

ಮೌಲಾಲಿ ಟ್ರಂಪೆಟ್ ಊದಾಂವ, ತಲಿ ಓಡಸ್ತಾನ.
"ಕೋಟು ನೋಡಿ ರೇಟು ಹೇಳ್ತಾರಲೇ,
ತಿರುವಿ ಹಾಕ್ಕೊಳ್ರಿ" ಅಂದ.
ಮುಚ್ಚಿದ ಬ್ಯಾಂಕಿನ ಮೆಟ್ಲ ಮ್ಯಾಲ
ಏಳು ಮಂದಿ ಕೋಟು ಕಳದು
ಒಳಗಿಂದು ಹೊರಗ ಮಾಡಿದ್ವಿ.
ಒಂದು ನಾಯಿ ಬಂದು ಮೂಸಿ ನೋಡಿ
ಗುರುತು ಹತ್ತಲಾರದ ಹೋತು.
ಅದ ಗಾಡಿಗೆ ಮೈಲಾರಿ ಒಬ್ಬನ್ನ ಕಳಿಸಿದ್ವಿ.
ಬಂದು ಹೇಳಿದ: ಐವತ್ತಂತ.
ಹದಿನೆಂಟು ವರ್ಷ ತೊಟ್ಟ ಕೋಟಿನ ಕಿಮ್ಮತ್ತು
ಇಪ್ಪತ್ತು ರೂಪಾಯಿ ಅಂತ
ಅವತ್ತ ಗೊತ್ತಾತು ನನಗ.

ಅಶೋಕ ಚೌಕಿನ ಕಡೆ ನಡದ್ವಿ.
ಎಲ್ಲೋ ಒಂದು ಮಗ್ಗ ಇನ್ನೂ ಓಡತಿತ್ತು,
ಖಟಕ್ ಖಟಕ್, ತಾಳ ಬಿಡಲಾರದ.
ಡ್ರಮ್ಮಿನ ಮೈಲಾರಿ ಅದನ್ನ ತೊಡಿ ಮ್ಯಾಲ
ಬೆರಳಾಗ ಹಿಡಕೊಂಡು ಬಂದ.
ಆ ಗ್ವಾಡಿಗೆ ಹತ್ತಿ ಒಂದು ಬುಟ್ಟಿ, ಒಂದು ಬಲ್ಬು, ಒಬ್ಬಾಕಿ.
ಬುಟ್ಟಿಯೊಳಗ ಕಟಕ ರೊಟ್ಟಿ,
ಶೇಂಗಾ ಚಟ್ನಿ, ಗುದ್ದಿದ ಉಳ್ಳಾಗಡ್ಡಿ.
ರಾತ್ರಿ ಪಾಳಿಯವರು ತಿನ್ನೂದು ಅದ.
"ಕಿತಿ?" ಅಂದೆ. ನನಗ ಬರೂದು ಅದೊಂದ ಮಾತು.
ಎರಡು ರೊಟ್ಟಿ ಎತ್ತಿ ಹಿಡದ್ಲು,
ಇನ್ನೊಂದು ಕೈಯಾಗ ಇಪ್ಪತ್ತರ ನೋಟು.
ಏಳಿಪ್ಪತ್ಲೆ ನೂರಾ ನಲವತ್ತು. ಕುಂತ್ವಿ.

ರೊಟ್ಟಿ ಮುರಿಯೋ ಸಪ್ಪಳದಾಗ
ಏಳು ಮಂದಿ ಮಾತು ಮುಚ್ಚಿಹೋತು.
ಮೈಲಾರಿ ಒಬ್ಬ ಕಣ್ಣಾಗ ನೀರು ತಂದು,
"ಇದು ನಮ್ಮ ಬ್ಯಾಡಗಿ ಕಾಯಿ ಅಲ್ಲ ತಗೀ,
ನಮ್ಮದಕ್ಕ ಬಣ್ಣ ಇರತೈತಿ, ಇಷ್ಟು ಸಿಟ್ಟು ಇರೂದಿಲ್ಲ" ಅಂದು
ಇನ್ನೊಂದು ಚಮಚ ಹಾಕಿಸ್ಕೊಂಡ.

ನೀರು ಕೊಡಾಕ ಬಂದಾಕಿ
ನನ್ನ ಬೆನ್ನ ಹಿಂದ ನಿಂತಬಿಟ್ಲು.
ಅಸ್ತರು ಹರದಾಗ ನೀಲವ್ವ
ಹಳೇ ಚಾದರ ಕತ್ತರಿಸಿ ಹೊಲದಿದ್ಲು ಈ ಕೋಟಿಗೆ:
ಅರ್ಧ ನವಿಲು ಬೆನ್ನಿಗೆ, ಅರ್ಧ ಎಡ ಬಗಲಿಗೆ.
ಬ್ಯಾಸಗಿ ಮದುವಿಯೊಳಗ
ಊದೂದಕ್ಕಿಂತ ಬೆವರೂದ ಜಾಸ್ತಿ.
ಆಕಿ ಬಲ್ಬಿನ ವಾಯರ್ ಎಳದು ಸಮೀಪ ತಂದು
ನವಿಲಿನ ಕುತ್ತಿಗಿ ಮ್ಯಾಲ ಉಗುರು ಇಟ್ಟು
ತೆಲುಗಿನ್ಯಾಗ ಎಣಿಸಿದ್ಲು, ಒಕಟಿ, ರೆಂಡು, ಮೂಡು,
ಎಲ್ಲೋ ತಡದ್ಲು,
ಹಿಂದಕ ಬಂದು ಮತ್ತ ಎಣಿಸಿದ್ಲು.
ಆಮ್ಯಾಲ ಮುರುಕ ಕನ್ನಡದಾಗ,
"ಇಲ್ಲಿ ಎರಡು ಎಳಿ ತಪ್ಪ್ಯಾವ.
ನಿದ್ದಿಗಣ್ಣಾಗ ನೇದಾನ."

ಯಾರು ಅಂತ ನಾ ಕೇಳಲಿಲ್ಲ.
ಆಕಿ ಹೇಳಲಿಲ್ಲ.
ರೊಕ್ಕದಾಗ ಒಂದು ರೂಪಾಯಿ ಬಿಡಲಿಲ್ಲ,
ಹರದ ನೋಟು ಬ್ಯಾಡಂತ ತಿರುಗಿ ಕೊಟ್ಲು.
ಗ್ವಾಡಿ ಆಚಿ ಮಗ್ಗ ನಿಂತಿತ್ತು, ಯಾವಾಗ ನಿಂತಿತೋ.

ಮುಂಜಾನೆ ರೊಕ್ಕ ಬಂತು, ಸ್ವಲ್ಪ ಕಮ್ಮಿನ ಬಂತು.
ಟೆಂಪೋ ಹತ್ತೂ ಮುಂದ ಕೋಟು ಸರಿ ಮಾಡಿ ಹಾಕ್ಕೊಂಡ್ವಿ.
ಅವತ್ತಿಂದ ಯಾರದರೇ ಮದುವಿಯೊಳಗ
ಉದ್ದ ಸ್ವರ ಹಿಡದು ಉಸಿರು ಕಟ್ಟಿದಾಗ
ಬೆನ್ನು ಆ ಎರಡು ಎಳಿ ಹುಡಕತೈತಿ,
ಸಿಗೂದಿಲ್ಲ.
ಎಲ್ಲೋ ಒಂದೀಟು ಗಾಳಿ ಆಡಿದಂಗ ಆಕ್ಕೈತಿ,
ಅಷ್ಟ.